ಮನೆಯಿಂದ ಮೊದಲು ಆಚೆ ಬಂದವರೆಲ್ಲ ವಿಧವೆಯರೇ ಯಾಕೆ? ದೊಡ್ಡತ್ತೆಯ ಟ್ರಂಕಿನಿಂದ ಎದ್ದ ಪ್ರಶ್ನೆ

ಸಹನಾ_ತಿಪಟೂರು

ನಮಸ್ಕಾರ. ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ ಉತ್ತರ ಕೊಡಿ.

ಹೋದ ತಿಂಗಳು ನಮ್ಮ ಹಳೇ ಮನೆಯ ಅಟ್ಟ ಖಾಲಿ ಮಾಡಿದೆವು. ಅಲ್ಲಿ ನನ್ನ ತಾತನ ಅಕ್ಕನ ತಗಡಿನ ಟ್ರಂಕು ಸಿಕ್ಕಿತು. ಮನೆಯಲ್ಲಿ ಎಲ್ಲರೂ ಅವರನ್ನು ದೊಡ್ಡತ್ತೆ ಅಂತಲೇ ಕರೆಯುತ್ತಿದ್ದರಂತೆ. ನಾನು ಅವರನ್ನು ನೋಡಿಲ್ಲ, ನಾನು ಹುಟ್ಟುವ ಮುಂಚೆಯೇ ತೀರಿಕೊಂಡರು. ಒಂಬತ್ತು ವರ್ಷಕ್ಕೆ ಮದುವೆ. ಹನ್ನೆರಡಕ್ಕೆ ಗಂಡ ಹೋದರು. ತಲೆಗೂದಲು ತೆಗೆಸಿ ತವರಿಗೆ ಕಳಿಸಿದರು. "ಪಾಪ, ಅಡಿಗೆಮನೆ ಬಿಟ್ಟು ಆಚೆ ಬಂದವರಲ್ಲ" ಅಂತ ಅಪ್ಪ ಹೇಳುತ್ತಿದ್ದರು. ಅವರ ಬಗ್ಗೆ ನಮಗೆ ಗೊತ್ತಿದ್ದದ್ದು ಇಷ್ಟೇ.

ಟ್ರಂಕಿನಲ್ಲಿ ಮೇಲೆ ಎರಡು ಕೆಂಪು ಸೀರೆ, ಒಂದು ತುಳಸಿ ಮಣಿ ಸರ. ಅಡಿಯಲ್ಲಿ ಉದ್ದನೆಯ ಲೆಕ್ಕದ ಪುಸ್ತಕ. ಮುಂದಿನಿಂದ ತೆರೆದರೆ ಮನೆ ಸಾಮಾನಿನ ಲೆಕ್ಕ: ತೊಗರಿಬೇಳೆ, ಸೀಮೆಎಣ್ಣೆ, ಕೊಬ್ಬರಿ ಮಾರಿದ್ದು. ಹಿಂದಿನಿಂದ ತೆರೆದರೆ ಹನ್ನೊಂದು ಹುಡುಗಿಯರ ಹೆಸರು, ಹೆಸರಿನ ಮುಂದೆ ದಿನದಿನದ ಹಾಜರಿ ಗೀಟು. ಕೆಲವು ಗೀಟು ನಡುವೆ ನಿಂತುಹೋಗಿ "ಗಂಡನ ಮನೆಗೆ" ಅಂತ ಬರೆದಿದೆ. ಜೊತೆಗೆ ದಾರದಲ್ಲಿ ಕಟ್ಟಿದ ಒಂದು ಕಟ್ಟು ರಸೀದಿ, 'ಸರಸ್ವತಿ' ಪತ್ರಿಕೆಯ ಚಂದಾ ಕಟ್ಟಿದ್ದು.

ಅಂದರೆ ಅಡಿಗೆಮನೆ ಬಿಟ್ಟು ಬರದವರು ಅಲ್ಲೇ ಕೂತು ಹುಡುಗಿಯರಿಗೆ ಅಕ್ಷರ ಕಲಿಸಿದ್ದಾರೆ. ನಮ್ಮ ಮನೆಯಲ್ಲಿ ಒಬ್ಬರಿಗೂ ನೆನಪಿಲ್ಲ. ಇದು ನನಗೆ ತುಂಬಾ ನೋವಾಯಿತು.

ಆಮೇಲೆ ಒಂದಷ್ಟು ಓದಿದೆ. ಲೇಖಕಿ ನಂಜನಗೂಡು ತಿರುಮಲಾಂಬ ಬಾಲವಿಧವೆ. 'ಸರಸ್ವತಿ' ಪತ್ರಿಕೆ ನಡೆಸಿದ ಆರ್. ಕಲ್ಯಾಣಮ್ಮ ಬಾಲವಿಧವೆ. ಸ್ವಾತಂತ್ರ್ಯ ಹೋರಾಟಕ್ಕೆ ಇಳಿದ ಹುಬ್ಬಳ್ಳಿಯ ಉಮಾಬಾಯಿ ಕುಂದಾಪುರ, ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ, ಅವರಿಗಿಂತ ಹಿಂದಿನ ಸಮಾಜ ಸುಧಾರಕಿ ಪಂಡಿತಾ ರಮಾಬಾಯಿ, ಎಲ್ಲರೂ ಚಿಕ್ಕ ವಯಸ್ಸಿಗೆ ಗಂಡನನ್ನು ಕಳೆದುಕೊಂಡವರೇ. ನನ್ನ ಪ್ರಶ್ನೆ ಇದು. 1900ರಿಂದ 1940ರ ನಡುವೆ ನಮ್ಮ ಕಡೆ ಓದು, ಪತ್ರಿಕೆ, ಸಂಘ ಅಂತ ಮೊದಲು ಹೊರಬಂದವರಲ್ಲಿ ಇಷ್ಟೊಂದು ವಿಧವೆಯರು ಯಾಕೆ? ಮುತ್ತೈದೆಯರಿಗೆ ಆಗದ್ದು ಇವರಿಗೆ ಹೇಗೆ ಆಯಿತು?

ಇತಿಹಾಸ_ಮೇಷ್ಟ್ರು

ಒಳ್ಳೇ ಪ್ರಶ್ನೆ ಸಹನಾ ಅವರೇ. ಮೊದಲು ಒಂದು ತಿದ್ದುಪಡಿ: ಉಮಾಬಾಯಿಯವರು ಬಾಲವಿಧವೆ ಅಲ್ಲ. ಗಂಡ ತೀರಿಕೊಂಡಾಗ ಅವರಿಗೆ ಇಪ್ಪತ್ತೈದರ ಸುಮಾರು. ಅಷ್ಟರಲ್ಲಿ ಮಾವನವರ ಬೆಂಬಲದಿಂದ ಮೆಟ್ರಿಕ್ ಮುಗಿಸಿದ್ದರು. ರಮಾಬಾಯಿಯವರೂ ದೊಡ್ಡವರಾದ ಮೇಲೆ ಮದುವೆಯಾಗಿ ವಿಧವೆಯಾದವರು.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಸರಳ. ಆಗ ಹುಡುಗಿಯ ಬದುಕಿನ ದಾರಿ ಒಂದೇ: ಮದುವೆ, ಹೆರಿಗೆ, ಮನೆ. ಎಂಟು ಹತ್ತು ಹೆರಿಗೆ ಅಂದರೆ ಇಪ್ಪತ್ತು ವರ್ಷ ಅಲ್ಲೇ ಕಳೆಯಿತು. ವಿಧವೆಗೆ ಆ ದಾರಿ ಮುಚ್ಚಿತ್ತು. ಮನೆಯವರಿಗೂ "ಈ ಹುಡುಗಿ ಮುಂದೇನು ಮಾಡಬೇಕು" ಅನ್ನುವ ಚಿಂತೆ. ಅಪ್ಪನೋ ಅಣ್ಣನೋ ಸ್ವಲ್ಪ ಓದಿದವರಾಗಿದ್ದರೆ ಪುಸ್ತಕ ಕೈಗೆ ಕೊಟ್ಟರು. ತಿರುಮಲಾಂಬ ಅವರಿಗೆ ಆದದ್ದು ಅದೇ. ತಂದೆ ವಕೀಲರು, ಮನೆಯಲ್ಲೇ ಓದಿಸಿದರು. 1913ರಲ್ಲಿ ಅವರು 'ಸತೀಹಿತೈಷಿಣಿ' ಗ್ರಂಥಮಾಲೆ ಶುರು ಮಾಡಿದರು. ಬರೆಯುವುದು, ಅಚ್ಚು ಹಾಕಿಸುವುದು, ಮಾರುವುದು ಎಲ್ಲ ನಂಜನಗೂಡಿನಿಂದಲೇ. ಆಮೇಲೆ 'ಕರ್ನಾಟಕ ನಂದಿನಿ' ಪತ್ರಿಕೆ ತಂದರು.

ಅದೇ 1913ರಲ್ಲಿ ಕಲ್ಯಾಣಮ್ಮ ಬೆಂಗಳೂರಿನಲ್ಲಿ ಶಾರದಾ ಸ್ತ್ರೀ ಸಮಾಜ ಕಟ್ಟಿದರು. 'ಸರಸ್ವತಿ' ಶುರುವಾದದ್ದು 1921ರಲ್ಲಿ. ನಾಲ್ಕು ದಶಕಕ್ಕೂ ಜಾಸ್ತಿ ನಡೆಸಿದರು. ನಿಮ್ಮ ದೊಡ್ಡತ್ತೆ ಆ ಪತ್ರಿಕೆಯ ಓದುಗರು ಅಂದರೆ ನನಗೆ ರೋಮಾಂಚನ. ಬರೆದವರ ಹೆಸರು ಸಿಗುತ್ತದೆ, ಓದಿದವರ ಹೆಸರು ಸಿಗುವುದೇ ಇಲ್ಲ.

ಕೋಲಾರದ_ಮಗಳು

ಕ್ಷಮಿಸಿ, ಈ ಚರ್ಚೆಯ ಬುಡವೇ ನನಗೆ ಒಪ್ಪಿಗೆ ಇಲ್ಲ. "ಮನೆಯಿಂದ ಮೊದಲು ಆಚೆ ಬಂದವರು" ಅಂತೀರಿ. ಯಾರ ಮನೆಯಿಂದ? ನನ್ನ ಅಜ್ಜಿಯ ಅಮ್ಮ ಕೆಜಿಎಫ್ ಚಿನ್ನದ ಗಣಿಯಲ್ಲಿ ಕೂಲಿ. ಅವರ ಅಮ್ಮ ಬೇರೆಯವರ ಗದ್ದೆಯಲ್ಲಿ ನಾಟಿ ಹಾಕಿದವರು. ನಮ್ಮ ಹೆಂಗಸರು ಆಚೆ ಬಂದದ್ದು ಯಾವ ಇಸವಿ ಅಂತ ಬರೆಯಲಿ? ಒಳಗೆ ಇದ್ದದ್ದೇ ಯಾವಾಗ?

ಕೆಂಪು ಸೀರೆ, ತಲೆ ತೆಗೆಸುವುದು ಎಲ್ಲ ಜಾತಿಯ ಕಥೆ ಅಲ್ಲ. ನಮ್ಮಲ್ಲಿ ಗಂಡ ಸತ್ತರೆ ಕೂಡಿಕೆ ಇತ್ತು. ಹೊಸ ಸೀರೆ ಕೊಟ್ಟು, ನಾಲ್ಕು ಜನ ಕೂತು, ಇನ್ನೊಬ್ಬನ ಜೊತೆ ಸಂಸಾರ ಮಾಡಿಸುತ್ತಿದ್ದರು. ಅದಕ್ಕೆ ಯಾವ ಸುಧಾರಕನೂ ಬರಬೇಕಾಗಿರಲಿಲ್ಲ.

ಧಾರವಾಡದಾಂವ

ಖರೆ ಮಾತು. ನಮ್ಮ ಕಡೆ ಉಡಿಕೆ ಅಂತಾರೆ. ಬಹಳ ಜಾತಿಯೊಳಗ ಇತ್ತು.

ಮಂಡ್ಯದ_ಗೌಡ

ಇತ್ತು ಸರಿ, ಆದರೆ ಕೂಡಿಕೆ ಮಾಡಿಕೊಂಡವಳಿಗೆ ಮೊದಲ ಮದುವೆಯವಳ ಮರ್ಯಾದೆ ಇರಲಿಲ್ಲ. ಆರತಿ ಎತ್ತಲು ಕರೆಯುತ್ತಿರಲಿಲ್ಲ. ನಮ್ಮ ಊರಿನಲ್ಲೇ ನೋಡಿದ್ದೇನೆ. ಹಾಗಂತ ಬೋಳು ತಲೆಗಿಂತ ಸಾವಿರ ಪಾಲು ವಾಸಿ, ಒಪ್ಪುತ್ತೇನೆ.

ಸಹನಾ_ತಿಪಟೂರು

ಕೋಲಾರದ ಅಕ್ಕಾ, ನೀವು ಹೇಳಿದ್ದು ಸರಿ. ನಾನು ನಮ್ಮ ಮನೆಯೊಳಗಿಂದ ನೋಡಿ ಬರೆದೆ. "ಆಚೆ ಬಂದದ್ದು" ಅಂದಾಗ ನನ್ನ ತಲೆಯಲ್ಲಿದ್ದದ್ದು ಓದು, ಬರಹ, ಸಂಘ. ನಿಮ್ಮ ಅಜ್ಜಿಯ ಅಮ್ಮನ ಬಗ್ಗೆ ಇನ್ನೂ ಬರೆಯಿರಿ ದಯವಿಟ್ಟು.

ಕುಡ್ಲದವಳು

ಮಂಗಳೂರಿನ ಕಥೆಯೂ ಸೇರಿಸಿ ಮಾರಾಯ್ರೆ. ಇಲ್ಲಿ ಬಾಸೆಲ್ ಮಿಷನ್ ಪಾದ್ರಿಗಳ ಹೆಂಚಿನ ಕಾರ್ಖಾನೆ 1865ರಿಂದ ಇತ್ತು. 1900ರ ಹೊತ್ತಿಗೆ ನೇತ್ರಾವತಿ, ಗುರುಪುರ ಹೊಳೆ ಬದಿಯಲ್ಲಿ ಹೆಂಚಿನ ಕಾರ್ಖಾನೆಗಳ ಸಾಲೇ ಇತ್ತು. ಹಸಿ ಹೆಂಚು ಹೊರುವುದು, ಒಣಗಿಸಲು ಜೋಡಿಸುವುದು ಹೆಂಗಸರ ಕೆಲಸ. ಕಾಫಿ ಕ್ಯೂರಿಂಗ್‌ನಲ್ಲಿ ಬೀಜ ಆರಿಸುವವರೂ ಹೆಂಗಸರೇ. ನೆಲದಲ್ಲಿ ಕೂತು ಕಪ್ಪು ಬೀಜ, ಒಡೆದ ಬೀಜ ಬೇರೆ ಮಾಡುವುದು. ನನ್ನ ಅಜ್ಜಿ ಮಾಡಿದ್ದಾರೆ. ಸಾಯುವವರೆಗೂ ಅವರು ಅಕ್ಕಿ ಆರಿಸುವಾಗ ಬೆರಳು ಓಡುತ್ತಿದ್ದ ವೇಗ ನಾನು ಇನ್ನೊಬ್ಬರಲ್ಲಿ ನೋಡಿಲ್ಲ. ಎರಡು ಬೆರಳು ಹೆಕ್ಕುವುದು, ಮೂರನೆಯದು ತಳ್ಳುವುದು, ಕಣ್ಣು ಬೇರೆ ಕಡೆ, ಬಾಯಿ ನಮ್ಮ ಜೊತೆ ಮಾತಾಡುವುದು.

ವಾರದ ಕೂಲಿ ಕೈಗೆ ಬರುತ್ತಿತ್ತು. ಅದೂ ಬದಲಾವಣೆಯೇ ಅಲ್ವಾ? ಊರಿನ ಗುತ್ತಿನ ಮನೆಯಲ್ಲಿ, ಅಂದರೆ ಜಮೀನ್ದಾರರ ಮನೆಯಲ್ಲಿ, ದುಡಿದರೆ ಸೇರು ಭತ್ತ. ಇಲ್ಲಿ ಸ್ವಂತ ಕೈಯಲ್ಲಿ ದುಡ್ಡು.

ಇತಿಹಾಸ_ಮೇಷ್ಟ್ರು

ಕುಡ್ಲದವರೇ, ನಿಮ್ಮಲ್ಲಿ ಅಳಿಯಕಟ್ಟು ಬೇರೆ ಇತ್ತು. ಆಸ್ತಿ ಹೆಣ್ಣಿನ ಕಡೆಯಿಂದ ಬರುತ್ತಿತ್ತು.

ಕುಡ್ಲದವಳು

ಬರುತ್ತಿತ್ತು, ಆದರೆ ಯಜಮಾನಿಕೆ ಹೆಚ್ಚಾಗಿ ಮಾಮನ ಕೈಯಲ್ಲಿ. ಹೆಣ್ಣು ಮನೆ ಬಿಟ್ಟು ಹೋಗಬೇಕಾಗಿರಲಿಲ್ಲ, ಗಂಡ ಸತ್ತರೆ ಬೀದಿಗೆ ಬೀಳುತ್ತಿರಲಿಲ್ಲ. ಅದು ದೊಡ್ಡ ವಿಷಯ. ಆದರೆ ಎಲ್ಲ ಅಧಿಕಾರ ಅವಳದ್ದೇ ಅಂತ ಸುಮ್ನೆ ಹೊಗಳುವುದು ಬೇಡ.

ಹೈಕೋರ್ಟ್_ವಕೀಲೆ

ಕಾನೂನು ತಿಳಿಯದೆ ಈ ವಿಷಯ ಅರ್ಥವಾಗುವುದಿಲ್ಲ. ಒಂದೆರಡು ಮಾತು.

ಮೈಸೂರು ಸಂಸ್ಥಾನದಲ್ಲಿ 1894ರಲ್ಲೇ ಶಿಶುವಿವಾಹ ತಡೆಗೆ ಕಾಯ್ದೆ ಬಂತು. ಆದರೆ ಅದು ತಡೆದದ್ದು ಎಂಟು ವರ್ಷದ ಒಳಗಿನ ಹುಡುಗಿಯ ಮದುವೆಯನ್ನು. ಇನ್ನೊಂದು, ಐವತ್ತು ದಾಟಿದ ಗಂಡಸು ಹದಿನಾಲ್ಕರ ಒಳಗಿನ ಹುಡುಗಿಯನ್ನು ಮದುವೆಯಾಗುವಂತಿಲ್ಲ. ಸಹನಾ ಅವರ ದೊಡ್ಡತ್ತೆಗೆ ಒಂಬತ್ತು. ಕಾಯ್ದೆಯ ಲೆಕ್ಕದಲ್ಲಿ ಆ ಮದುವೆ ಸರಿ!

ಆಸ್ತಿಯಲ್ಲಿ ಇನ್ನೂ ಕಷ್ಟ. ಅವಿಭಕ್ತ ಕುಟುಂಬದಲ್ಲಿ ಗಂಡ ತೀರಿಕೊಂಡರೆ ಅವನ ಪಾಲು ಉಳಿದ ಗಂಡಸರಿಗೆ ಸೇರಿಹೋಗುತ್ತಿತ್ತು. ಹೆಂಡತಿಗೆ ಜೀವನಾಂಶ ಮಾತ್ರ. ಅಂದರೆ ಎರಡು ಹೊತ್ತು ಊಟ, ವರ್ಷಕ್ಕೆ ಎರಡು ಸೀರೆ. ಕಮಲಾದೇವಿಯವರ ತಾಯಿ ಗಿರಿಜಾಬಾಯಿ ಅವರಿಗೂ ಹೀಗೇ ಆಯಿತು. ಗಂಡ ಉಯಿಲು ಬರೆಯದೆ ತೀರಿಕೊಂಡರು, ಆಸ್ತಿ ಪೂರ್ತಿ ಮೊದಲ ಹೆಂಡತಿಯ ಮಗನಿಗೆ ಹೋಯಿತು. ಕಮಲಾದೇವಿ ಆಗ ಪುಟ್ಟ ಹುಡುಗಿ. ಮುಂದೆ ಆಕೆ ಏನಾದರು, ಯಾಕೆ ಆದರು ಅನ್ನುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

1933ರಲ್ಲಿ ಮೈಸೂರು ಹಿಂದೂ ಕಾನೂನು ಮಹಿಳಾ ಹಕ್ಕುಗಳ ಕಾಯ್ದೆ ಬಂತು. ವಿಧವೆ, ತಾಯಿ, ಮದುವೆಯಾಗದ ಮಗಳು, ಇವರಿಗೆ ಕುಟುಂಬದ ಆಸ್ತಿಯಲ್ಲಿ ಪಾಲು ಕೇಳುವ ದಾರಿ ಕೊಟ್ಟಿತು. ಬ್ರಿಟಿಷ್ ಇಂಡಿಯಾದಲ್ಲಿ ವಿಧವೆಯರಿಗೆ ಪಾಲು ಕೊಟ್ಟ ಕಾಯ್ದೆ ಬಂದದ್ದು 1937ರಲ್ಲಿ. ನಾಲ್ಕು ವರ್ಷ ನಾವು ಮುಂದೆ.

ಬಳ್ಳಾರಿ_ಬಿಸಿಲು

1929ರ ಶಾರದಾ ಕಾಯ್ದೆ ಬಿಟ್ಟಿರಿ ಮೇಡಂ. ಶಾರದಾ ಅನ್ನುವ ಆ ಹೆಣ್ಣುಮಗಳ ಹೋರಾಟದಿಂದಲೇ ಹದಿನಾಲ್ಕು ವರ್ಷದ ಮಿತಿ ಬಂದದ್ದು. ಅದರಿಂದ ಮೈಸೂರಿನಲ್ಲೂ ಬಾಲ್ಯವಿವಾಹ ನಿಂತಿತು.

ಹೈಕೋರ್ಟ್_ವಕೀಲೆ

ಎರಡೂ ತಪ್ಪು ಸರ್. ಶಾರದಾ ಹೆಣ್ಣಲ್ಲ. ಅದು ಹರಬಿಲಾಸ್ ಸಾರ್ದಾ ಎನ್ನುವ ಅಜ್ಮೀರದ ಶಾಸನಸಭಾ ಸದಸ್ಯರ ಹೆಸರು, ಕನ್ನಡದಲ್ಲಿ ಶಾರದಾ ಆಗಿಬಿಟ್ಟಿದೆ. ಮತ್ತೆ ಆ ಕಾಯ್ದೆ ಬ್ರಿಟಿಷ್ ಇಂಡಿಯಾಕ್ಕೆ ಮಾತ್ರ. ಧಾರವಾಡ, ಮಂಗಳೂರು, ನಿಮ್ಮ ಬಳ್ಳಾರಿಗೆ ಅನ್ವಯ. ಮೈಸೂರು ಸಂಸ್ಥಾನಕ್ಕೆ ಅನ್ವಯ ಇರಲಿಲ್ಲ. ಜಾರಿಗೆ ಬಂದದ್ದು 1930ರ ಏಪ್ರಿಲ್ 1ಕ್ಕೆ.

ಬಳ್ಳಾರಿ_ಬಿಸಿಲು

ಓಹ್! ಹೆಸರಿನ ವಿಷಯ ಇವತ್ತೇ ಗೊತ್ತಾಯಿತು, ಥ್ಯಾಂಕ್ಸ್. ಈಗ ನಮ್ಮ ಮನೆಯ ಒಂದು ಕಥೆ ಅರ್ಥವಾಯಿತು. ನಮ್ಮ ಮುತ್ತಜ್ಜಿಯ ತಂಗಿಯ ಮದುವೆಯನ್ನು ಬಳ್ಳಾರಿಯಲ್ಲಿ ಮಾಡದೆ ಎತ್ತಿನ ಗಾಡಿಯಲ್ಲಿ ಚಳ್ಳಕೆರೆ ಕಡೆಗೆ ಹೋಗಿ ಮಾಡಿದರಂತೆ. "ಸರ್ಕಾರದ ಭಯಕ್ಕೆ" ಅಂತ ಮುತ್ತಜ್ಜಿ ಹೇಳುತ್ತಿದ್ದರು. ಯಾವ ಭಯ ಅಂತ ನಮಗೆ ಗೊತ್ತಿರಲಿಲ್ಲ. ಗಡಿ ದಾಟಿದರೆ ಮೈಸೂರು ಸೀಮೆ, ಕೇಳುವವರಿಲ್ಲ.

ಕೋಲಾರದ_ಮಗಳು

ನೋಡಿ, ಕಾಯ್ದೆ ಮುರಿಯಲು ಗಾಡಿ ಕಟ್ಟಿಕೊಂಡು ಹೋದವರು ಓದಿದ ಜನ. ಇದನ್ನೂ ಬರೆದಿಡಿ.

ಮೈಸೂರು_ಮಲ್ಲಿಗೆ_ಹೂ

ಮಹಾರಾಣಿ ಶಾಲೆಯ ಬಗ್ಗೆ ಯಾರೂ ಹೇಳಲಿಲ್ಲವಲ್ಲ? 1881ರಲ್ಲಿ ಅಂಬಳೆ ನರಸಿಂಹ ಅಯ್ಯಂಗಾರ್ ಅವರು ಮೈಸೂರಿನಲ್ಲಿ ಶುರು ಮಾಡಿದ್ದು. 1895ರಿಂದ 1902ರವರೆಗೆ ರಾಜ್ಯ ನಡೆಸಿದ್ದೇ ಒಬ್ಬ ವಿಧವೆ, ವಾಣಿವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿ. ಸಹನಾ, ನಿಮ್ಮ ಪಟ್ಟಿಗೆ ಸೇರಿಸಿಕೊಳ್ಳಿ. 1906ರಲ್ಲಿ ರುಕ್ಮಿಣಿಯಮ್ಮ, ಶ್ರೀರಂಗಮ್ಮ ಇಬ್ಬರು ಬಿ.ಎ. ಪಾಸು ಮಾಡಿದರು. ಸಂಸ್ಥಾನದ ಮೊದಲ ಪದವೀಧರೆಯರು.

ನಮ್ಮ ಅಜ್ಜಿ ಅದೇ ಶಾಲೆಗೆ ಹೋದವರು. ಶಾಲೆಯ ಗಾಡಿ ಮನೆಮನೆಗೆ ಬರುತ್ತಿತ್ತು, ಸುತ್ತ ಪರದೆ. ಪರದೆಗೆ ಒಂದು ತೂತು ಇತ್ತಂತೆ, ಆ ತೂತಿನ ಹತ್ತಿರ ಕೂರಲು ದಿನಾ ಜಗಳ. ಹತ್ತು ವರ್ಷದ ಹುಡುಗಿಯರು ಊರು ನೋಡಿದ್ದು ಆ ತೂತಿನಿಂದ.

ನ್ಯೂಜೆರ್ಸಿ_ಕನ್ನಡಿಗ

ಎಲ್ಲ ಸರಿ, ಆದರೆ ಎಷ್ಟು ಜನ? ಇಬ್ಬರು ಬಿ.ಎ. ಮಾಡಿದರೆ ಸಮಾಜ ಬದಲಾಯಿತು ಅನ್ನಬಹುದಾ? 1901ರ ಜನಗಣತಿಯಲ್ಲಿ ಇಡೀ ಇಂಡಿಯಾದಲ್ಲಿ ಅಕ್ಷರ ಬಲ್ಲ ಹೆಂಗಸರು 100ಕ್ಕೆ ಒಬ್ಬರೂ ಇರಲಿಲ್ಲ. 1931ಕ್ಕೂ 100ಕ್ಕೆ ಸುಮಾರು ಮೂವರು. ನಾವು ಆ ಮೂವರ ಕಥೆಯನ್ನೇ ಹೇಳುತ್ತಾ ಕೂತಿದ್ದೇವೆ.

ಇತಿಹಾಸ_ಮೇಷ್ಟ್ರು

ಸಂಖ್ಯೆ ಸರಿ. ಆದರೆ ಒಬ್ಬಳು ಓದಿದರೆ ಕೇಳುವವರು ಇಪ್ಪತ್ತು ಜನ. ಮಧ್ಯಾಹ್ನ ಜಗಲಿಯಲ್ಲಿ ಒಬ್ಬರು ಪತ್ರಿಕೆ ಓದುವುದು, ಉಳಿದವರು ಬತ್ತಿ ಹೊಸೆಯುತ್ತಾ ಕೇಳುವುದು. ಅದು ಜನಗಣತಿಗೆ ಸಿಗುವುದಿಲ್ಲ. ದೊಡ್ಡತ್ತೆಯ ಹನ್ನೊಂದು ಹುಡುಗಿಯರೂ ಜನಗಣತಿಯಲ್ಲಿ ಸಿಕ್ಕಿದ್ದಾರೋ ಇಲ್ಲವೋ.

ವೀಣೆ_ತಂತಿ

ನನಗೆ ಅನಿಸುವುದು ಬೇರೆ. ವಿಧವೆ ಅನ್ನುವುದು ಮುಖ್ಯ ಅಲ್ಲ. "ಯಾರದೋ ಹೆಂಡತಿ" ಅನ್ನುವ ಚೌಕಟ್ಟಿನ ಆಚೆ ಇದ್ದದ್ದು ಮುಖ್ಯ. ವಿಧವೆಯರು ಆಚೆ ಇದ್ದರು. ದೇವದಾಸಿಯರೂ ಆಚೆ ಇದ್ದರು. ಅವರನ್ನು ಯಾಕೆ ಮರೆಯುತ್ತೀರಿ?

ಗಾಯಕಿ ಬೆಂಗಳೂರು ನಾಗರತ್ನಮ್ಮ ಹುಟ್ಟಿದ್ದು 1878ರಲ್ಲಿ, ಅದೇ ನಂಜನಗೂಡಿನಲ್ಲಿ. ತಿರುಮಲಾಂಬ ಹುಟ್ಟಿದ್ದು 1887ರಲ್ಲಿ, ಅದೇ ಊರು. ಒಂಬತ್ತು ವರ್ಷದ ಅಂತರ. ಒಬ್ಬರು ಅಗ್ರಹಾರದ ಮಗಳು, ಇನ್ನೊಬ್ಬರು ದೇವದಾಸಿ ಮನೆತನದ ಮಗಳು. ಇಬ್ಬರೂ ಪುಸ್ತಕ ಅಚ್ಚು ಹಾಕಿಸಿದವರು. ಇದನ್ನು ಯೋಚಿಸಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ನಾಗರತ್ನಮ್ಮ ಸಂಸ್ಕೃತ, ತೆಲುಗು, ಕನ್ನಡ ಬಲ್ಲವರು. ಮದ್ರಾಸಿನಲ್ಲಿ ಹಾಡಿ ಸ್ವಂತ ಮನೆ ಮಾಡಿದವರು. 18ನೇ ಶತಮಾನದ ತಂಜಾವೂರಿನ ಮುದ್ದುಪಳನಿ ಬರೆದ ತೆಲುಗು ಕಾವ್ಯ 'ರಾಧಿಕಾ ಸಾಂತ್ವನಮು' ಹಿಂದೆ ಅಚ್ಚಾದಾಗ ಕೆಲವು ಪದ್ಯ ಬಿಟ್ಟಿದ್ದರು, ಕವಿ ದೇವದಾಸಿ ಅನ್ನುವುದನ್ನೂ ಮರೆಮಾಡಿದ್ದರು. ನಾಗರತ್ನಮ್ಮ ಹಸ್ತಪ್ರತಿ ಹುಡುಕಿ, 1910ರಲ್ಲಿ ಪೂರ್ತಿ ಪಾಠ ಅಚ್ಚು ಹಾಕಿಸಿದರು. ಅಶ್ಲೀಲ ಅಂತ ದೊಡ್ಡ ಪಂಡಿತರೇ ಎದ್ದರು. ಗಂಡಸರು ಶೃಂಗಾರ ಬರೆದರೆ ಇಲ್ಲದ ನಾಚಿಕೆ ಹೆಂಗಸು ಬರೆದರೆ ಮಾತ್ರ ಯಾಕೆ ಅನ್ನುವುದು ಆಕೆಯ ಪ್ರಶ್ನೆ. ಬ್ರಿಟಿಷ್ ಸರ್ಕಾರ ಪುಸ್ತಕ ನಿಷೇಧಿಸಿತು. ನಿಷೇಧ ತೆಗೆದದ್ದು 1947ರಲ್ಲಿ.

ಆಮೇಲೆ ತಿರುವೈಯಾರಿನಲ್ಲಿ ಪಾಳುಬಿದ್ದಿದ್ದ ತ್ಯಾಗರಾಜರ ಸಮಾಧಿಗೆ ಸ್ವಂತ ದುಡ್ಡಿನಿಂದ ಗುಡಿ ಕಟ್ಟಿಸಿದರು. ಅಲ್ಲಿನ ಆರಾಧನೆಯಲ್ಲಿ ಹೆಂಗಸರು ಹಾಡುವಂತಿರಲಿಲ್ಲ. ಆಕೆ ಹೆಂಗಸರದ್ದೇ ಗುಂಪು ಕಟ್ಟಿ 1927ರಿಂದ ಹಾಡಿಸಿದರು. ಇಂದು ಟಿವಿಯಲ್ಲಿ ಪಂಚರತ್ನ ಗೋಷ್ಠಿ ನೋಡುತ್ತೀರಲ್ಲ, ಅಲ್ಲಿ ಕೂತ ಪ್ರತಿ ಹೆಂಗಸೂ ಆಕೆಗೆ ಋಣಿ.

ಧಾರವಾಡದಾಂವ

ಗಂಗೂಬಾಯಿ ಹಾನಗಲ್ ಅವರನ್ನೂ ನೆನೆಯಬೇಕು. 1924ರ ಬೆಳಗಾವಿ ಕಾಂಗ್ರೆಸ್‌ನಲ್ಲಿ ಗಾಂಧೀಜಿ ಎದುರು ಸ್ವಾಗತಗೀತೆ ಹಾಡಿದಾಗ ಇನ್ನೂ ಹುಡುಗಿ. ಹಾಡುವ ಭಯ ಇರಲಿಲ್ಲವಂತೆ. ಊಟ ಆದ ಮೇಲೆ ಜಾತಿ ನೋಡಿ ಎಂಜಲು ಎಲೆ ತೆಗೆಯಲು ಹೇಳುತ್ತಾರೇನೋ ಅನ್ನುವ ಭಯ ಇತ್ತಂತೆ. ಆಕೆಯೇ ಮುಂದೆ ಹೇಳಿಕೊಂಡ ಮಾತು ಇದು.

ಅದೇ ಅಧಿವೇಶನಕ್ಕೆ ಉಮಾಬಾಯಿ ಕುಂದಾಪುರ ಊರೂರು ತಿರುಗಿ ನೂರೈವತ್ತಕ್ಕೂ ಹೆಚ್ಚು ಸ್ವಯಂಸೇವಕಿಯರನ್ನು ಕೂಡಿಸಿದ್ದರು. ಅವರಲ್ಲಿ ವಿಧವೆಯರೂ ಇದ್ದರು. ಸಹನಾ ಅವರ ಪ್ರಶ್ನೆಗೆ ಇದೂ ಉತ್ತರ. ಒಬ್ಬಳು ದಾರಿ ಮಾಡಿಕೊಂಡಾಗ ತನ್ನಂಥವರನ್ನೇ ಮೊದಲು ಕರೆದಳು. ಇವರೆಲ್ಲ ಗಂಡಸರ ಜೊತೆ ಒಂದೇ ಬಯಲಿನಲ್ಲಿ ವಾರಗಟ್ಟಲೆ ಕೆಲಸ ಮಾಡಿದರು. ಮನೆಯಲ್ಲಿದ್ದಾಗ ಮಂಗಳಕಾರ್ಯಕ್ಕೆ ಎದುರು ಬರಬಾರದು ಅಂತ ಇದ್ದವರು. ಇಲ್ಲಿ ಬ್ಯಾಡ್ಜ್ ಹಾಕಿಕೊಂಡು ನಿಂತವರು.

ಕೊಡಗಿನ_ಕಾಫಿ

ಎಲ್ಲರೂ ಒಂದೇ ಕಡೆ ಎಳೆಯುತ್ತಿದ್ದೀರಿ. ಕೊಡಗಿನ ಗೌರಮ್ಮ ಮುತ್ತೈದೆ. ಹುಟ್ಟಿದ್ದು 1912. ಕಥೆ ಬರೆದರು, ಟೆನಿಸ್ ಆಡಿದರು, ಈಜಿದರು. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ ನಮ್ಮ ಮನೆಗೆ ಬರುವವರೆಗೆ ಊಟ ಮಾಡುವುದಿಲ್ಲ ಅಂತ ಉಪವಾಸ ಕೂತರು. ಗಾಂಧೀಜಿ ಬಂದರು, ಈಕೆ ಮೈಮೇಲಿನ ಒಡವೆ ಬಿಚ್ಚಿ ಹರಿಜನ ನಿಧಿಗೆ ಕೊಟ್ಟರು. 1939ರಲ್ಲಿ ಹೊಳೆಯಲ್ಲಿ ಮುಳುಗಿ ತೀರಿಕೊಂಡರು, ಇಪ್ಪತ್ತೇಳು ವರ್ಷ. ಗಂಡನಿದ್ದೂ ಆಚೆ ಬರಬಹುದಿತ್ತು.

ವೀಣೆ_ತಂತಿ

ಬರಬಹುದಿತ್ತು, ಆದರೆ ಇಸವಿ ನೋಡಿ. ತಿರುಮಲಾಂಬ 1913, ಗೌರಮ್ಮ 1930ರ ಆಚೆ. ನಡುವೆ ಒಂದು ತಲೆಮಾರು ಇದೆ. ಮತ್ತೆ ಗೌರಮ್ಮ ಬರೆದದ್ದು ಯಾವ ಹೆಸರಿನಲ್ಲಿ? 'ಮಿಸೆಸ್ ಬಿ.ಟಿ.ಜಿ. ಕೃಷ್ಣ'. ಗಂಡನ ಹೆಸರು ಮುಂದಿಟ್ಟುಕೊಂಡೇ ಬಂದದ್ದು.

ಕೊಡಗಿನ_ಕಾಫಿ

ಇದು ನನಗೆ ಹೊಳೆದಿರಲಿಲ್ಲ. ಒಪ್ಪಿದೆ.

ಮಂಡ್ಯದ_ಗೌಡ

ಎಲ್ಲರೂ ಓದು, ಕಾಯ್ದೆ ಅಂತೀರಿ. ನನ್ನ ಅಜ್ಜಿಯನ್ನು ಕೇಳಿದರೆ ಬದುಕು ಬದಲಾದದ್ದು ಹಿಟ್ಟಿನ ಗಿರಣಿ ಬಂದ ದಿನ ಅನ್ನುತ್ತಿದ್ದರು. ಅದಕ್ಕೆ ಮುಂಚೆ ಕೋಳಿ ಕೂಗುವ ಹೊತ್ತಿಗೆ ಎದ್ದು ರಾಗಿ ಬೀಸಬೇಕು. ಇಬ್ಬರು ಎದುರುಬದುರು ಕೂತು ಗೂಟ ಹಿಡಿದು ತಿರುಗಿಸುವುದು. ಹತ್ತು ಜನದ ಮನೆಗೆ ಎರಡು ಗಂಟೆ ಕೆಲಸ. ಅಜ್ಜಿಯ ಬಲಗೈ ಹೆಬ್ಬೆರಳ ಬುಡದಲ್ಲಿ ಗಟ್ಟಿ ಆಣಿ ಇತ್ತು, ಎಂಬತ್ತು ವರ್ಷವಾದರೂ ಹೋಗಲಿಲ್ಲ. ಗಿರಣಿ ಬಂತು, ಆ ಎರಡು ಗಂಟೆ ಉಳಿಯಿತು.

ಕೋಲಾರದ_ಮಗಳು

ಗೌಡ್ರೇ, ನಿಮ್ಮ ಅಜ್ಜಿಗೆ ಎರಡು ಗಂಟೆ ಉಳಿಯಿತು. ದೊಡ್ಡ ಮನೆಗಳಲ್ಲಿ ಭತ್ತ ಕುಟ್ಟಿ ನುಚ್ಚು ತವುಡು ಕೂಲಿ ಪಡೆಯುತ್ತಿದ್ದ ಹೆಂಗಸರಿಗೆ ಆ ಕೂಲಿಯೇ ಹೋಯಿತು. ನಮ್ಮ ಮುತ್ತಜ್ಜಿ ಊರು ಬಿಟ್ಟು ಕೆಜಿಎಫ್‌ಗೆ ಬಂದದ್ದು ಅಕ್ಕಿ ಗಿರಣಿ ಬಂದ ಮೇಲೆ. ಅಲ್ಲಿ ನೆಲದ ಮೇಲಿನ ಕೆಲಸ: ಕಲ್ಲು ಆರಿಸುವುದು, ಹೊರುವುದು. ಕೂಸನ್ನು ಸೀರೆ ಜೋಲಿಯಲ್ಲಿ ಮರಕ್ಕೆ ಕಟ್ಟಿ, ಅದು ಅತ್ತರೆ ಪಕ್ಕದವಳು ತೂಗುವುದು. ಸಹನಾ ಕೇಳಿದ್ದಕ್ಕೆ ಬರೆದೆ.

ಒಂದು ವಿಷಯ ಹೇಳಲೇಬೇಕು. ಆ ಮುತ್ತಜ್ಜಿಗೆ ಸಹಿ ಮಾಡಲು ಬರುತ್ತಿರಲಿಲ್ಲ. ಆದರೆ ಮಗಳನ್ನು ಶಾಲೆಗೆ ಸೇರಿಸಿದರು. ಮಿಷನ್ ಶಾಲೆ. ಮಗಳು ನಾಲ್ಕನೇ ಕ್ಲಾಸು ಓದಿದರು. ನನ್ನ ಅಜ್ಜಿ ಅವರು. ಸಂಬಳದ ಚೀಟಿಯಲ್ಲಿ ಹೆಬ್ಬೆಟ್ಟು ಒತ್ತುವಾಗ ಗುಮಾಸ್ತ ಮೋಸ ಮಾಡುತ್ತಿದ್ದ, ಅದಕ್ಕೇ ಓದಿಸಿದ್ದು ಅಂತ ಅಜ್ಜಿ ಹೇಳುತ್ತಿದ್ದರು. ನಮಗೆ ಓದು ಬಂದದ್ದು ಹೀಗೆ.

ಸಹನಾ_ತಿಪಟೂರು

ಇದನ್ನು ಓದಿ ಕಣ್ಣು ತುಂಬಿತು ಅಕ್ಕಾ. ನಿಮ್ಮ ಮನೆಯವರು ಬರೆದಿಡಿ ಇದನ್ನು, ದಯವಿಟ್ಟು.

ನ್ಯೂಜೆರ್ಸಿ_ಕನ್ನಡಿಗ

ವೋಟಿನ ವಿಷಯ? ನಮ್ಮ ಅಮೆರಿಕದಲ್ಲಿ ಹೆಂಗಸರಿಗೆ ದೇಶಾದ್ಯಂತ ಸಿಕ್ಕಿದ್ದು 1920ರಲ್ಲಿ.

ಹೈಕೋರ್ಟ್_ವಕೀಲೆ

ಮದ್ರಾಸ್ ಪ್ರಾಂತ್ಯದಲ್ಲಿ 1921, ಮೈಸೂರಿನ ಪ್ರಜಾಪ್ರತಿನಿಧಿ ಸಭೆಗೆ 1923. ಆದರೆ ಆಸ್ತಿ, ಕಂದಾಯದ ಅರ್ಹತೆ ಬೇಕಿತ್ತು. ಹೆಂಗಸರ ಹೆಸರಿನಲ್ಲಿ ಆಸ್ತಿ ಎಲ್ಲಿತ್ತು? 1926ರಲ್ಲಿ ಕಮಲಾದೇವಿ ಮದ್ರಾಸ್ ವಿಧಾನ ಪರಿಷತ್ತಿಗೆ ನಿಂತು ಸ್ವಲ್ಪದರಲ್ಲಿ ಸೋತರು. 1930ರಲ್ಲಿ ಲಂಡನ್ನಿನ ದುಂಡುಮೇಜಿನ ಪರಿಷತ್ತಿಗೆ ಹೋದ ಇಬ್ಬರು ಹೆಂಗಸರಲ್ಲಿ ಒಬ್ಬರು ಮಂಗಳೂರಿನ ಸಮಾಜ ಸುಧಾರಕ ಕುದ್ಮುಲ್ ರಂಗರಾಯರ ಮಗಳು ರಾಧಾಬಾಯಿ ಸುಬ್ಬರಾಯನ್.

ಕುಡ್ಲದವಳು

ರಂಗರಾಯರು ಮಗಳನ್ನು ಬೇರೆ ಜಾತಿಗೆ ಮದುವೆ ಮಾಡಿ ಕೊಟ್ಟದ್ದಕ್ಕೆ ಊರು ಏನೇನು ಮಾತಾಡಿರಬಹುದು ಊಹಿಸಿ. ಅದೂ 1912ರಲ್ಲಿ.

ಶಿರಸಿ_ಅಡಿಕೆ

ಉತ್ತರ ಕನ್ನಡದ ಕರನಿರಾಕರಣೆ ಬಿಡಬೇಡಿ. 1932ರಲ್ಲಿ ಸಿದ್ದಾಪುರದ ಮಾವಿನಗುಂಡಿಯಲ್ಲಿ ಹೆಂಗಸರು ಉಪವಾಸ ಕೂತರು. ಜಪ್ತಿಯಾದ ಆಸ್ತಿಯನ್ನು ಹರಾಜಿನಲ್ಲಿ ಕೊಂಡವರ ಮನೆ ಮುಂದೆ. ಇವರು ಪತ್ರಿಕೆ ಓದಿದವರಲ್ಲ, ಮುತ್ತೈದೆಯರೂ ಇದ್ದರು, ಕೊಟ್ಟಿಗೆ ತೋಟ ಮಾಡುತ್ತಿದ್ದವರು.

ಮೈಸೂರು_ಮಲ್ಲಿಗೆ_ಹೂ

ಸಹನಾ, ಆ ಪುಸ್ತಕವನ್ನು ಈಗ ಹೇಗೆ ಇಟ್ಟಿದ್ದೀರಿ? ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ. ನಮ್ಮ ಅಜ್ಜಿಯ ಸರ್ಟಿಫಿಕೇಟು ಹಾಗೇ ಹಾಳಾಯಿತು. ಸೆಲ್ಲೋಟೇಪು ಕೂಡ ಬೇಡ. ಹತ್ತಿ ಬಟ್ಟೆಯಲ್ಲಿ ಸುತ್ತಿ, ಒಣ ಜಾಗದಲ್ಲಿ ಮಲಗಿಸಿ ಇಡಿ. ಮೊದಲು ಪ್ರತಿ ಪುಟದ ಫೋಟೋ ತೆಗೆಯಿರಿ, ಕಿಟಕಿ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ.

ಹೈಕೋರ್ಟ್_ವಕೀಲೆ

ಸಹನಾ, ಒಂದು ಕುತೂಹಲ. ರಸೀದಿಗಳು ಯಾರ ಹೆಸರಿನಲ್ಲಿವೆ? ದೊಡ್ಡತ್ತೆಯ ಹೆಸರೋ, ಮನೆ ಗಂಡಸಿನ ಹೆಸರೋ?

ಸಹನಾ_ತಿಪಟೂರು

ಮೇಡಂ, ನೀವು ಕೇಳಿದ ಮೇಲೆ ಸರಿಯಾಗಿ ನೋಡಿದೆ. ಎರಡು ದಿನ ತಡವಾಯಿತು, ಬಿಡಿಸಿ ನೋಡಲು ಹೆದರಿಕೆ, ಮಡಿಚಿದ ಕಡೆ ಹರಿಯುತ್ತಿತ್ತು.

1930ರವರೆಗೆ ನನ್ನ ತಾತನ ಹೆಸರು, ಅಂದರೆ ಅವರ ತಮ್ಮನ ಹೆಸರು. 1931ರಿಂದ ದೊಡ್ಡತ್ತೆಯ ಹೆಸರು. ನಡುವೆ ಯಾವ ವರ್ಷವೂ ಬಿಟ್ಟಿಲ್ಲ.

ಹೈಕೋರ್ಟ್_ವಕೀಲೆ

1933 ಆಗಿದ್ದರೆ ಕಾಯ್ದೆಯ ಪರಿಣಾಮ ಅಂತ ಹೇಳಿಬಿಡುತ್ತಿದ್ದೆ. ಎರಡು ವರ್ಷ ಮುಂಚೆಯೇ! ಏನಾಯಿತು 1931ರಲ್ಲಿ?

ಇತಿಹಾಸ_ಮೇಷ್ಟ್ರು

ಮನೆಯಲ್ಲಿ ಹಿರಿಯರು ಯಾರಾದರೂ ಇದ್ದರೆ ಈಗಲೇ ಕೇಳಿ. ನಾಳೆ ಅಂತ ಮುಂದೂಡಬೇಡಿ. ನಾನು ಹಾಗೆ ಮಾಡಿ ನಮ್ಮಜ್ಜಿಯನ್ನು ಕಳೆದುಕೊಂಡೆ, ಕೇಳಬೇಕಾದದ್ದು ಹಾಗೇ ಉಳಿಯಿತು.

ಸಹನಾ_ತಿಪಟೂರು

ಮೇಷ್ಟ್ರೇ, ನಿಮ್ಮ ಮಾತು ಓದಿ ಭಾನುವಾರವೇ ಅಪ್ಪನ ದೊಡ್ಡಕ್ಕನ ಮನೆಗೆ ಹೋದೆ. ಅವರಿಗೆ 88. ಪುಸ್ತಕ ಕೈಗೆ ಕೊಟ್ಟೆ. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹಿಂದಿನ ಪುಟಗಳನ್ನು ಬಿಟ್ಟು ಮುಂದಿನ ಲೆಕ್ಕದ ಪುಟ ತಿರುವಿದರು. "ಇಲ್ಲಿ ನೋಡೇ" ಅಂತ ಬೆರಳಿಟ್ಟು ತೋರಿಸಿದರು.

ನಾನು ಆ ಕಡೆ ನೋಡಿಯೇ ಇರಲಿಲ್ಲ. ಬೇಳೆ, ಸೀಮೆಎಣ್ಣೆ ಲೆಕ್ಕ ಅಂತ ಬಿಟ್ಟಿದ್ದೆ. 1931ರ ಚೈತ್ರದಿಂದ ಒಂದು ಹೊಸ ಸಾಲು ಶುರುವಾಗುತ್ತದೆ: "ಹಪ್ಪಳ ಮಾರಿದ್ದು". ಅದು ಪ್ರತಿ ತಿಂಗಳೂ ಇದೆ. ಅದಕ್ಕೂ ಮುಂಚೆ ಎಲ್ಲೂ ಇಲ್ಲ.

ಅತ್ತೆ ಹೇಳಿದರು: ಹಪ್ಪಳದ ಹಿಟ್ಟು ಕಲಸುವುದು ಬೆಳಗಿನ ಜಾವ, ಲಟ್ಟಿಸುವುದು ಮಧ್ಯಾಹ್ನ. ಲಟ್ಟಿಸಲು ಬರುತ್ತಿದ್ದದ್ದು ಪಕ್ಕದ ಮನೆಗಳ ಹುಡುಗಿಯರು. ಹಪ್ಪಳಕ್ಕೆ ಅಂದರೆ ಯಾವ ಮನೆಯವರೂ ಬೇಡ ಅನ್ನುತ್ತಿರಲಿಲ್ಲ. ಹಪ್ಪಳ ಒಣಗುವಷ್ಟು ಹೊತ್ತು ಹಿತ್ತಿಲ ಜಗಲಿಯಲ್ಲಿ ಮರಳು ಹರಡಿ ಕಾಗುಣಿತ. ಅತ್ತೆಯೂ ಚಿಕ್ಕವರಿದ್ದಾಗ ಅಲ್ಲೇ ಅಕ್ಷರ ಕಲಿತರಂತೆ. ಚಂದಾ ಹಣ ಅಂಚೆಯವನ ಕೈಗೆ ಹಿತ್ತಿಲ ಬಾಗಿಲಲ್ಲೇ ಕೊಡುತ್ತಿದ್ದರಂತೆ.

ಇನ್ನೊಂದು ಪುಸ್ತಕ ಇತ್ತು, ಅದು ಹಸಿರು ರಟ್ಟಿನದ್ದು ಅಂತ ಅತ್ತೆ ನೆನೆಸಿಕೊಂಡರು. ಇನ್ನೂ ಸಿಕ್ಕಿಲ್ಲ. ಮನೆ ಕೊಂಡವರಿಗೆ ಫೋನ್ ಮಾಡಿದ್ದೇನೆ, ದನದ ಕೊಟ್ಟಿಗೆಯ ಅಟ್ಟ ನೋಡಲು ಶನಿವಾರ ಬನ್ನಿ ಅಂದಿದ್ದಾರೆ.

ಕೋಲಾರದ_ಮಗಳು

ಶನಿವಾರ ಸಿಕ್ಕರೆ ಮೊದಲು ಇಲ್ಲೇ ಹಾಕು ಸಹನಾ. ಕಾಯುತ್ತಿರುತ್ತೇನೆ.